ಆರು ಜನ ಒಪ್ಪಿದ ‘ಇಲ್ಲ’

“ಆ ಕಣ್ಣು ಮುಚ್ಚಬೇಡಿ ಮೇಡಂ. ಅದೂ ತೆರೆದೇ ಇರ್ಲಿ.”

ವಾಚ್ ರಿಪೇರಿ ಮಾಡುವ ಮುದುಕ ತನ್ನ ಪುಟ್ಟ ಭೂತಗನ್ನಡಿಯನ್ನು ಇನ್ಸ್‌ಪೆಕ್ಟರಳ ಬಲಹುಬ್ಬಿನ ಕೆಳಗೆ ಸಿಕ್ಕಿಸಿ, ಎರಡು ಬೆರಳಿನಿಂದ ಅವಳ ತಲೆಯನ್ನು ಮೇಜಿನ ಕಡೆಗೆ ಬಾಗಿಸಿದ. ಠಾಣೆಯಲ್ಲಿ ಅವಳ ತಲೆ ಮುಟ್ಟುವುದಿರಲಿ, ಎದುರಿಗೆ ಕೆಮ್ಮುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಬಾಗಿಲಲ್ಲಿ ನಿಂತಿದ್ದ ದಫೇದಾರ ಏನೂ ಕಾಣದವನಂತೆ ಮುಖ ಆಚೆ ತಿರುಗಿಸಿದ.

“ಏನು ಕಾಣ್ತಿದೆ?”

“ಕಲ್ಲು.”

“ಇನ್ನೇನು?”

“ಇನ್ನಷ್ಟು ಕಲ್ಲು.”

“ನೀವು ಹುಡುಕ್ತಾ ಇದೀರಿ. ಹುಡುಕಬೇಡಿ. ಹುಡುಕೋ ಕಣ್ಣಿಗೆ ತನಗೆ ಬೇಕಾದ್ದೇ ಕಾಣೋದು. ಸುಮ್ನೆ ನೋಡಿ. ಯಾವುದು ಅಲ್ಲಿಗೆ ಸೇರಿದ್ದಲ್ಲವೋ ಅದು ತಾನಾಗಿ ಎದ್ದು ಬರುತ್ತೆ.”

ಅವಳು ಸುಮ್ಮನೆ ನೋಡಿದಳು. ಮೇಲಿನಿಂದ ಡ್ರೋನ್ ತೆಗೆದ ಫೋಟೋ. ಕಲ್ಲು ಕಿತ್ತು ಬಿಟ್ಟುಹೋದ ಹಳೆಯ ಕ್ವಾರಿಯ ಗುಂಡಿ. ಗುಂಡಿಯ ಅಂಚಿನಲ್ಲಿ ಒಂದು ಬಂಡೆ, ಬಂಡೆಯ ಮೇಲೆ ಯಾರೋ ಸುಣ್ಣದಲ್ಲಿ ಎಳೆದ ಗುರುತು. ಅದರ ಕೆಳಗೆ ಕರೀ ನೆರಳು. ಎಲ್ಲ ಇತ್ತು, ಎದ್ದು ಬರಬೇಕಾದ್ದು ಮಾತ್ರ ಎದ್ದು ಬರಲಿಲ್ಲ.

ಮುದುಕ ಸೂಜಿಯಂಥ ಚಿಮಟದ ತುದಿಯನ್ನು ನೆರಳಿನ ಅಂಚಿಗೆ ಇಟ್ಟ. “ಇಲ್ಲಿ. ಇದನ್ನ ಕಲ್ಲು ಅಂದ್ಕೊಂಡ್ರಿ ಅಲ್ವಾ? ಕಲ್ಲು ಒಡೆಯುತ್ತೆ, ಮಡಚಿಕೊಳ್ಳಲ್ಲ. ಇದು ಮಡಚಿಕೊಂಡಿದೆ.”

ಅರ್ಧ ಅಕ್ಕಿಕಾಳಿನಷ್ಟು ಒಂದು ಬೂದು ಗೆರೆ. ಅದರ ನಡುವೆ ಒಂದು ಬಾಗು.

“ಮೊಣಕೈ,” ಅಂದ ಮುದುಕ.

ಈಗ ಕಂಡಿತು. ಕಂಡ ಮೇಲೆ ಬೇರೇನೂ ಕಾಣದ ಹಾಗೆ ಕಂಡಿತು. ನೆರಳಿನಿಂದ ಬಿಸಿಲಿಗೆ ಚಾಚಿಕೊಂಡ ಒಂದು ತೋಳು. ಮೇಲೆ ಏನೋ ಹಾರಿಹೋಗುವ ಸದ್ದು ಕೇಳಿ ಯಾರೋ ಕೈ ಎತ್ತಿದ್ದರು.

ಅವಳು ಕಣ್ಣಿಂದ ಗಾಜು ಕಿತ್ತಳು.

ಆ ತೋಳಿನ ಒಡೆಯ ಸರ್ವೇಯರ್. ನಿನ್ನೆ, ಶುಕ್ರವಾರ, ಕರೆಂಟಿನ ತಂತಿ ನೋಡಲು ಹೋದ ವೈರ್‌ಮನ್ ಒಬ್ಬ ಅದೇ ಗುಂಡಿಯಲ್ಲಿ ಅವನ ಹೆಣ ಕಂಡಿದ್ದ. ಕಾಲು ಮುರಿದಿತ್ತು. ಪ್ರಾಣ ಹೋದದ್ದು ಗುರುವಾರ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಈ ಫೋಟೋ ಮಂಗಳವಾರ ಬೆಳಗಿನದು.

“ನಾನು ಮಂಗಳವಾರವೇ ಹೇಳಿದ್ದೆ,” ಅಂದ ಮುದುಕ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಟ್ಟುಹೋದ ಸ್ಪ್ರಿಂಗನ್ನು ಗಿರಾಕಿಗೆ ತೋರಿಸುವಂತೆ ಹೇಳಿದ. “ಬುಧವಾರ ಮತ್ತೆ ಹೇಳಿದೆ. ಯಾರು ಬಂದ್ರಿ?”

ಯಾರೂ ಬರಲಿಲ್ಲ. ಬರದಂತೆ ನೋಡಿಕೊಂಡದ್ದು ಒಂದು ಆಟ.

ಆಟದ ಹೆಸರು ‘ಇದೆ-ಇಲ್ಲ’. ಫೋನಿನ ಮೇಲೋ ಕಂಪ್ಯೂಟರಿನ ಮೇಲೋ ಒಂದು ಚೌಕ ಬರುತ್ತದೆ, ಚೌಕದಲ್ಲಿ ಒಂದು ಚಿತ್ರ, ಕೆಳಗೆ ಎರಡು ಬಟನ್. ಹಿಂದೆಲ್ಲ ಅದರಲ್ಲಿ ಮರ ಎಣಿಸಿದ್ದರು, ಗಾಳಿಗೆ ಹಾರಿದ ಮನೆಯ ಮಾಡು ಎಣಿಸಿದ್ದರು, ಹಳೆಯ ಕಡತಗಳ ಕೈಬರಹ ಓದಿದ್ದರು. ಯಂತ್ರಕ್ಕೆ ಆಗದ್ದನ್ನು ಮನುಷ್ಯರ ಕಣ್ಣಿಂದ ಮಾಡಿಸುವುದು, ಅದೂ ಆಡಿಸಿಕೊಂಡು, ನಗಿಸಿಕೊಂಡು. ಒಂದು ಚೌಕವನ್ನು ಏಳು ಜನ ನೋಡುತ್ತಾರೆ. ಐದು ಜನ ಒಂದೇ ಉತ್ತರ ಒತ್ತಿದರೆ ಅದೇ ಸತ್ಯ. ಉತ್ತರ ಹೊಂದಿದವರಿಗೆ ಪಾಯಿಂಟು, ಹೊಂದದವರಿಗೆ ಸೊನ್ನೆ.

ಭಾನುವಾರ ಸರ್ವೇಯರನೂ ಅವನ ಜೀಪಿನ ಡ್ರೈವರನೂ ಗುಡ್ಡದ ಕ್ವಾರಿಗಳನ್ನು ಅಳೆಯಲು ಹೋಗಿ ವಾಪಸು ಬರದಿದ್ದಾಗ, ನಾಲ್ಕುನೂರು ಗುಂಡಿಗಳನ್ನು ಕಾಲಲ್ಲಿ ಹುಡುಕಲು ಇಲಾಖೆಯಲ್ಲಿ ಜನ ಇರಲಿಲ್ಲ. ಡ್ರೋನಿನಿಂದ ಫೋಟೋ ತೆಗೆಸಿ, ಗುಡ್ಡವನ್ನು ಚೌಕ ಚೌಕವಾಗಿ ಕತ್ತರಿಸಿ ಆಟಕ್ಕೆ ಹಾಕೋಣ ಎಂದು ಸೋಮವಾರ ಬೆಳಗ್ಗೆ ಎಲ್ಲರಿಗೂ ಸಾರಿದ್ದು ಇನ್ಸ್‌ಪೆಕ್ಟರಳೇ. ಒಳ್ಳೆಯ ಉಪಾಯ ಎಂದು ಮೇಲಿನವರು ಬೆನ್ನು ತಟ್ಟಿದ್ದರು.

ಈ ಚೌಕಕ್ಕೆ ಆರು ಜನ ‘ಇಲ್ಲ’ ಒತ್ತಿದ್ದರು. ಒಬ್ಬ ‘ಇದೆ’ ಒತ್ತಿದ್ದ, ಈ ಮುದುಕ.

ಬುಧವಾರ ಸಂಜೆ ಅವಳು ತನ್ನ ಕೈಯಾರೆ ನಕಾಶೆಯ ಮೇಲೆ ಆ ಚೌಕಕ್ಕೆ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದು, ನಾಯಿಗಳನ್ನೂ ಜನರನ್ನೂ ಗುಡ್ಡದ ಇನ್ನೊಂದು ಮಗ್ಗುಲಿಗೆ ಕಳಿಸಿದ್ದಳು. ಆಗ ಸರ್ವೇಯರ್ ಬದುಕಿದ್ದ.

“ನನ್ನ ಹೆಂಡ್ತೀನೂ ಆಡ್ತಾಳೆ ಯಜಮಾನ್ರೇ,” ಅಂದ ದಫೇದಾರ. “ಮಾತೆತ್ತಿದ್ರೆ ‘ಇಲ್ಲ’. ಅದನ್ನ ಒತ್ತಿದ್ರೆ ಬೇಗ ಬೇಗ ಆಗುತ್ತಂತೆ. ನಾನು ಮನೇಲಿದೀನಾ ಅಂತ ಆಟ ಕೇಳಿದ್ರೂ ಎದುರಿಗೇ ಕೂತ್ಕೊಂಡು ‘ಇಲ್ಲ’ ಅಂತಲೇ ಒತ್ತಿಯಾಳು.”

ಗೋಡೆಯ ತುಂಬ ಗಡಿಯಾರಗಳು ಮಾತು ಬಿಟ್ಟ ದಾಯಾದಿಗಳಂತೆ ಒಂದೊಂದು ಒಂದೊಂದು ಗಂಟೆ ತೋರಿಸುತ್ತಿದ್ದವು. ಹೊರಗೆ ಮಧ್ಯಾಹ್ನ ಹನ್ನೆರಡರ ಬಿಸಿಲು.

“ನಿಮ್ಮಿಂದ ಒಂದು ಕೆಲಸ ಆಗಬೇಕು,” ಅಂದಳು ಇನ್ಸ್‌ಪೆಕ್ಟರ್.

ದಫೇದಾರ ಜೀಪಿನಿಂದ ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಬೆಳಗ್ಗೆಯೇ ಪ್ರಿಂಟು ಹಾಕಿಸಿದ ಹಾಳೆಗಳು. ಆರುನೂರ ನಲವತ್ತು ಚೌಕ.

“ಡ್ರೈವರ್ ಇನ್ನೂ ಸಿಕ್ಕಿಲ್ಲ,” ಅಂದಳು. “ಸರ್ವೇಯರ್ ಜೇಬಲ್ಲಿ ಅಳತೆ ಬರೆಯೋ ಪುಸ್ತಕ ಇತ್ತು. ಗುಂಡೀಲಿ ಬಿದ್ದುಕೊಂಡೇ ಬರೆದಿದ್ದಾನೆ. ಮುಖಕ್ಕೆ ಬಟ್ಟೆ ಸುತ್ತಿದ್ದ ಮೂರು ಜನ. ನನ್ನನ್ನ ತಳ್ಳಿದ್ರು. ಡ್ರೈವರ್ ಅವರಲ್ಲಿ ಒಬ್ಬನ ಗುರುತು ಹಿಡಿದ. ಅದಕ್ಕೇ ಅವನನ್ನ ಲಾರಿಗೆ ಹಾಕ್ಕೊಂಡು ಹೋದ್ರು. ಹೋಗುವಾಗ ಅವನು ಜೀವಂತ ಇದ್ದ. ಇಷ್ಟೇ ಇರೋದು.”

“ಲಾರಿ?”

“ಗುಡ್ಡದ ಗೇಟಿನವನು ನೋಡಿದ್ದಾನೆ. ಹೊರಗೆ ಬಂದಾಗ ಖಾಲಿ ಇತ್ತು. ಅಂದ್ರೆ ಅವನೂ ಅಲ್ಲೇ ಯಾವುದೋ ಗುಂಡೀಲಿ ಇದ್ದಾನೆ. ಇವತ್ತಿಗೆ ಏಳು ದಿನ. ಗುಂಡೀಲಿ ಒಂದಿಷ್ಟು ನೀರಿದ್ರೆ ನಾಳೆ ಸಂಜೆವರೆಗೆ ಆಸೆ ಇಟ್ಕೋಬಹುದು ಅಂತಾರೆ ಡಾಕ್ಟ್ರು. ನೀರಿರೋ ಗುಂಡಿಗಳ ಫೋಟೋ ಎಲ್ಲ ಇದರಲ್ಲಿದೆ. ನಮ್ಮ ಇಪ್ಪತ್ತು ಜನ ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿದ್ರು. ಏನೂ ಕಾಣಲಿಲ್ಲ. ಆದ್ರೆ ಈ ಮೊಣಕೈಯೂ ಅವರಿಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ. ನಿಮಗೆ ಕಂಡಿತ್ತು.”

ಮುದುಕ ಪೆಟ್ಟಿಗೆ ನೋಡಿದ.

“ಏಳು ಜನ ಬೇಡ, ಐದು ಜನ ಒಪ್ಪೋದೂ ಬೇಡ,” ಅಂದಳು. “ನೀವೊಬ್ಬರು ‘ಇದೆ’ ಅಂದ್ರೆ ಸಾಕು. ಅರ್ಧ ಗಂಟೇಲಿ ನಮ್ಮವರು ಆ ಗುಂಡೀಲಿ ಇಳಿದಿರ್ತಾರೆ.”

“ನಾನು ನಂಬಲಾಗದವನು ಅಂತ ಆಟದವರೇ ಬರೆದಿದ್ದಾರಲ್ಲ? ಬುಧವಾರ ಮಧ್ಯಾಹ್ನ ತೆರೆ ಮೇಲೆ ಬಂತು. ‘ನಿಮ್ಮ ಉತ್ತರಗಳು ನಂಬಲರ್ಹವಲ್ಲ, ವಿಶ್ರಾಂತಿ ತೆಗೆದುಕೊಳ್ಳಿ.’ ನಲವತ್ತೈದು ವರ್ಷ ಕೂದಲಿಗಿಂತ ಸಣ್ಣ ಸ್ಪ್ರಿಂಗು ನೋಡಿದ ಕಣ್ಣಿದು. ನೋಡಿ, ನನಗೆ ವಿಶ್ರಾಂತಿ ಅಂತೆ.”

“ಅವರ ಪರವಾಗಿ ನಾನು ತಪ್ಪಾಯ್ತು ಅಂತೀನಿ.”

ಅವನು ಮೇಜಿನ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡ. “ಆ ಹುಡುಗನಿಗೆ ಯಾರಿದ್ದಾರೆ?”

“ಅಕ್ಕ ಇದ್ದಾಳೆ. ಹೊರಗೆ ಕೂತಿದ್ದಾಳೆ.”

“ಬಿಸಿಲಲ್ಲಾ? ಒಳಗೆ ಕರೀರಿ.”

ಡ್ರೈವರನ ಅಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಹಚ್ಚುವವಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಏಳು ದಿನದಿಂದ ಅದೇ ಸೀರೆ. ಒಳಗೆ ಬಂದು, ಸ್ಟೂಲಿನ ಅಂಚಿನಲ್ಲಿ ಕೂತಳು, ಪೂರ್ತಿ ಕೂತರೆ ಯಾರಾದರೂ ಎಬ್ಬಿಸಿಯಾರು ಎನ್ನುವ ಹಾಗೆ.

“ನಾನೂ ಆಡಿದೆ ಯಜಮಾನ್ರೇ,” ಅಂದಳು. “ಮಂಗಳವಾರ ಫೋನಲ್ಲಿ ಹಾಕಿಸ್ಕೊಂಡೆ. ನನ್ನನ್ನ ಮಧ್ಯಾಹ್ನದೊಳಗೆ ಹೊರಗೆ ಹಾಕಿದ್ರು.”

“ಯಾಕಮ್ಮ?”

“ಬಂದದ್ದಕ್ಕೆಲ್ಲ ‘ಇದೆ, ಇದೆ’ ಅಂತ ಒತ್ತಿದೆ. ಎಲ್ಲಾದ್ರೂ ಇರ್ಬೇಕಲ್ಲ ಅವನು.”

ಮುದುಕ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮೊದಲ ಹಾಳೆ ಎಳೆದುಕೊಂಡ.

ಅವನು ನೋಡುವ ರೀತಿಯೇ ಬೇರೆ. ಹಾಳೆಯನ್ನು ಒಮ್ಮೆ ನೇರ ಇಟ್ಟ, ಆಮೇಲೆ ತಲೆಕೆಳಗು ಮಾಡಿದ, ಆಮೇಲೆ ದೀಪ ಓರೆಮಾಡಿದ. ಉಸಿರು ಹಿಡಿದ, ಬಿಟ್ಟ. “ಇಲ್ಲ,” ಅಂದ. ದಫೇದಾರ ಹಾಳೆಯ ನಂಬರು ಬರೆದುಕೊಂಡ. ಎರಡನೆಯದು. “ಇಲ್ಲ.” ಮೂರು. “ಇದೇನೋ ಸತ್ತ ನಾಯಿ. ಮನುಷ್ಯ ಅಲ್ಲ. ಇಲ್ಲ.” ಪ್ರತಿಯೊಂದು ‘ಇಲ್ಲ’ಕ್ಕೂ ಆ ಹೆಂಗಸಿನ ಕುತ್ತಿಗೆಯ ನರ ಒಮ್ಮೆ ಎದ್ದು ಕೂರುತ್ತಿತ್ತು.

ಹನ್ನೆರಡು ಹಾಳೆ ಮುಗಿದವು. ಹನ್ನೆರಡು ‘ಇಲ್ಲ’.

ಇನ್ಸ್‌ಪೆಕ್ಟರಳ ಎದೆಯಲ್ಲಿ ಬೆಳಗಿನಿಂದ ಮಗ್ಗುಲು ಬದಲಿಸುತ್ತಿದ್ದ ಒಂದು ಸಂಶಯ ಈಗ ಎದ್ದು ಕೂತಿತು.

ಅವಳ ಜೇಬಿನಲ್ಲಿ ಎರಡು ಕಾಗದಗಳಿದ್ದವು. ಎರಡೂ ಬೆಳಗ್ಗೆ ಆಟದ ಕಚೇರಿಯಿಂದ ಬಂದವು.

ಒಂದು, ಆಟಗಾರರು ತಮ್ಮತಮ್ಮಲ್ಲಿ ಹರಟೆ ಹೊಡೆಯುವ ಗುಂಪಿನ ಒಂದು ಸಂದೇಶ. ಉತ್ತರ ಹೊಂದಿದರಷ್ಟೇ ಪಾಯಿಂಟು ತಾನೆ? ಅದಕ್ಕೆ ಆಟಗಾರರು ಮೊದಲೇ ಮಾತಾಡಿಕೊಳ್ಳುತ್ತಿದ್ದರು: ಇಂಥ ಚಿತ್ರ ಬಂದರೆ ಎಲ್ಲರೂ ಇಂಥದ್ದೇ ಒತ್ತೋಣ. ಅದನ್ನು ಯಾರೂ ಮೋಸ ಅಂದುಕೊಂಡಿರಲಿಲ್ಲ. ಆಟ ಚೆನ್ನಾಗಿ ಆಡುವುದೆಂದರೆ ಹಾಗೇ ಅಂದುಕೊಂಡಿದ್ದರು. ಆ ಸಂದೇಶ ಹೀಗಿತ್ತು: ‘ಸುಣ್ಣದ ಗುರುತಿರೋ ಬಂಡೆ ಬಂದ್ರೆ ಎಲ್ರೂ ಇಲ್ಲ ಒತ್ತಿ ಮುಂದೆ ಹೋಗಿ. ಟೈಮ್ ಹಾಳು ಮಾಡ್ಕೋಬೇಡಿ.’

ಕಳಿಸಿದ್ದು ಸೋಮವಾರ, ಮಧ್ಯಾಹ್ನ ನಾಲ್ಕು ಹತ್ತಕ್ಕೆ. ಡ್ರೋನ್ ಆ ಬಂಡೆಯ ಮೇಲೆ ಹಾರಿದ್ದು ಮಂಗಳವಾರ, ಬೆಳಗ್ಗೆ ಏಳಕ್ಕೆ.

ಅಂದರೆ ಫೋಟೋ ಹುಟ್ಟುವ ಮೊದಲೇ ಅದರಲ್ಲಿ ಏನಿರುತ್ತದೆಂದು ಒಬ್ಬರಿಗೆ ಗೊತ್ತಿತ್ತು. ಅಳತೆಯ ಪುಸ್ತಕದ ಪ್ರಕಾರ ಆ ಗುರುತನ್ನು ಸರ್ವೇಯರ್ ಎಳೆದದ್ದು ಭಾನುವಾರ, ಬೀಳುವುದಕ್ಕೆ ಸ್ವಲ್ಪ ಮೊದಲು. ನೋಡಿರಬೇಕಾದರೆ ಅಲ್ಲಿ ನಿಂತೇ ನೋಡಿರಬೇಕು.

ಸಂದೇಶ ಕಳಿಸಿದವರು ಆಟದಲ್ಲಿ ಇಟ್ಟುಕೊಂಡ ಹೆಸರು ‘ಮುಳ್ಳು’. ಗಡಿಯಾರದ ಮುಳ್ಳು. ಈ ಅಂಗಡಿಯ ಮೂಲೆಯಲ್ಲಿರುವ ಕಂಪ್ಯೂಟರಿನ ಹೆಸರು. ಈ ಮುದುಕನ ಹೆಸರು.

ಇಡೀ ಊರಿಗೆ ‘ಇಲ್ಲ’ ಒತ್ತಿ ಎಂದು ಹೇಳಿದವನು ತಾನೊಬ್ಬನೇ ಯಾಕೆ ‘ಇದೆ’ ಒತ್ತಿದ?

ಎರಡನೆಯ ಕಾಗದ ಅದಕ್ಕೆ ಉತ್ತರ ಕೊಡುತ್ತಿತ್ತು, ಇಲ್ಲವೇ ಕೊಡುವ ಹಾಗೆ ಕಾಣುತ್ತಿತ್ತು. ಜೀಪಿನಲ್ಲಿ ದಫೇದಾರ ಅದನ್ನೋದಿ, “ಮೊದ್ಲು ಕಣ್ಣು, ಆಮೇಲೆ ಬಾಯಿ ಮೇಡಂ,” ಅಂದಿದ್ದ. “ಮುದುಕರು ಎಲ್ಲ ಫೋಟೋ ನೋಡಿ ಮುಗಿಸ್ಲಿ. ಪ್ರಶ್ನೆ ಎಲ್ಲಿಗೂ ಓಡಿಹೋಗಲ್ಲ.” ಅವಳು ಹೂಂ ಅಂದಿದ್ದಳು.

ಹದಿಮೂರನೆಯ ಹಾಳೆ. “ಇಲ್ಲ.”

ಒಮ್ಮೆ ‘ಇಲ್ಲ’ ಎನ್ನುವುದನ್ನು ನಂಬಿ ಗೀಟು ಎಳೆದಿದ್ದಳು. ಈ ‘ಇಲ್ಲ’ ಯಾರದು? ಈ ಮುದುಕನದೋ, ಸೋಮವಾರ ನಾಲ್ಕು ಹತ್ತರವನದೋ? ಅದು ಗೊತ್ತಾಗದೆ ಆರುನೂರ ನಲವತ್ತು ‘ಇಲ್ಲ’ಗಳನ್ನು ಬರೆದುಕೊಂಡು ಏನು ಮಾಡುವುದು?

“ಯಜಮಾನರೇ,” ಅಂದಳು. “ಸೋಮವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನೀವೆಲ್ಲಿದ್ರಿ?”

ದಫೇದಾರ ಪೆನ್ನು ಎತ್ತಿ ಅವಳನ್ನು ನೋಡಿದ.

ಮುದುಕ ಹಾಳೆಯಿಂದ ಕಣ್ಣು ಕೀಳಲಿಲ್ಲ. “ಎಲ್ಲಿರ್ತೀನಿ? ಒಳಗೆ ಮಲಗಿರ್ತೀನಿ. ಊಟ ಆದ್ಮೇಲೆ ಎರಡು ಗಂಟೆ ಮಲಗದಿದ್ರೆ ಕೈ ನಡುಗುತ್ತೆ. ನಡುಗೋ ಕೈಗೆ ಯಾರೂ ವಾಚ್ ಕೊಡಲ್ಲ.”

“ದಿನಾ?”

“ದಿನಾ. ಮೂರರಿಂದ ಐದು.”

“ಆಗ ಅಂಗಡೀಲಿ ಯಾರಿರ್ತಾರೆ?”

“ಅಳಿಯ ಕೂರ್ತಾನೆ. ಮನೆಯಳಿಯ. ಕೆಲಸ ಇಲ್ಲದ ದಿನ...” ಅಲ್ಲಿಗೆ ಅವನ ಮಾತು ನಿಧಾನವಾಯಿತು, ಕೀ ಮುಗಿದ ಗಡಿಯಾರದಂತೆ.

ಅವಳು ಎರಡನೆಯ ಕಾಗದ ಬಿಡಿಸಿ, ಫೋಟೋದ ಮೇಲೆ ಇಟ್ಟಳು.

“ಇದು ನಿಮ್ಮ ಲೆಕ್ಕದಲ್ಲಿ ಒತ್ತಿದ ಉತ್ತರಗಳು. ಪಕ್ಕದಲ್ಲಿ ಇರೋದು ಎಷ್ಟು ಹೊತ್ತು ನೋಡಿ ಒತ್ತಿದ್ದು ಅಂತ. ಬೆಳಗ್ಗೆ ಒಂದೊಂದು ಚೌಕಕ್ಕೆ ನಲವತ್ತು ಸೆಕೆಂಡ್. ನಲವತ್ತೆರಡು. ಮೂವತ್ತೊಂಬತ್ತು. ಮೂರು ಗಂಟೆ ಆದ್ಮೇಲೆ ನೋಡಿ. ಎರಡು ಸೆಕೆಂಡ್. ಎರಡು. ಒಂದು. ಒಬ್ಬನೇ ಮನುಷ್ಯ ಹಾಗೆ ನಡೆಯಲ್ಲ. ಇದು ಎರಡು ಜನರ ನಡಿಗೆ.”

ಮುದುಕ ಗಾಜು ಸಿಕ್ಕಿಸಿದ ಕಣ್ಣಿನಿಂದಲೇ ಕಾಗದ ನೋಡಿದ.

“ಒಬ್ಬನೇ ಬೇರೆ ಉತ್ತರ ಕೊಟ್ರೆ ಆಟ ಅವನಿಗೇ ಆ ಚೌಕ ಮತ್ತೆ ತೋರಿಸುತ್ತೆ. ನಿಮಗೂ ಗೊತ್ತು,” ಅಂದಳು. “ಈ ಮೊಣಕೈ ನಿಮ್ಮ ಲೆಕ್ಕಕ್ಕೆ ಮೂರು ಸಲ ಬಂದಿದೆ. ಮಂಗಳವಾರ ಬೆಳಗ್ಗೆ, ನಲವತ್ತೊಂದು ಸೆಕೆಂಡ್, ‘ಇದೆ’. ಬುಧವಾರ ಬೆಳಗ್ಗೆ, ನಲವತ್ತು ಸೆಕೆಂಡ್, ‘ಇದೆ’. ಇವೆರಡರ ನಡುವೆ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಒಂದು ಸಲ. ಒಂದು ಸೆಕೆಂಡ್. ‘ಇಲ್ಲ’.”

“ನಾನು ಅದನ್ನ ಒತ್ತಿಲ್ಲ.”

“ಗೊತ್ತು. ಒಂದ್ಸಲ ಇದೆ, ಒಂದ್ಸಲ ಇಲ್ಲ, ಮತ್ತೆ ಇದೆ ಅಂದವನನ್ನ ಆಟ ನಂಬಲಿಲ್ಲ. ನಿಮ್ಮನ್ನ ಹೊರಗೆ ಹಾಕಿ ಚೌಕ ಖಾಲಿ ಅಂತ ಬರೀತು. ಅದನ್ನ ನೋಡಿ ನಾನು...” ಕೆಂಪು ಪೆನ್ಸಿಲಿನ ಮಾತು ಬಿಟ್ಟು ಅವಳು ಮುಂದಕ್ಕೆ ಹೋದಳು. “ಅಳಿಯ ಏನು ಕೆಲಸ ಮಾಡ್ತಾರೆ?”

ಉತ್ತರ ಬಂದದ್ದು ಮುದುಕನಿಂದ ಅಲ್ಲ. ಅಂಗಡಿಗೂ ಮನೆಗೂ ನಡುವಿನ ಪರದೆ ಸರಿಸಿ, ಕೈಯಲ್ಲಿ ನೀರಿನ ಲೋಟಗಳ ತಟ್ಟೆ ಹಿಡಿದು ಮಗಳು ನಿಂತಿದ್ದಳು. ಏಳು ತಿಂಗಳ ಬಸುರಿ. ತಟ್ಟೆಯನ್ನು ಹೊಟ್ಟೆಯ ಮೇಲೆ ಆನಿಸಿಕೊಂಡಿದ್ದಳು.

“ಕ್ವಾರಿ ಲಾರಿಗಳನ್ನ ನೋಡ್ಕೋತಾರೆ,” ಅಂದಳು, ಮನೆಗೆ ಬಂದವರಿಗೆ ಹೇಳುವ ಸಹಜ ದನಿಯಲ್ಲಿ. “ಲೋಡಿಂಗ್ ಮೇಸ್ತ್ರಿ. ಗುರುವಾರ ಯಾವುದೋ ದೂರದ ಲೋಡು ಅಂತ ಹೋದೋರು ಇನ್ನೂ ಬಂದಿಲ್ಲ. ಫೋನೂ ಎತ್ತಲ್ಲ. ನೀವು ಅವರನ್ನ ನೋಡೋಕೆ ಬಂದ್ರಾ?”

ಡ್ರೈವರನ ಅಕ್ಕ ಆ ಹುಡುಗಿಯ ಹೊಟ್ಟೆ ನೋಡಿದಳು, ಆಮೇಲೆ ಮುದುಕನ ಮುಖ, ಆಮೇಲೆ ಪೆಟ್ಟಿಗೆ. ಕಾಲರಿಗೆ ಹೊಲಿಗೆ ಹೊಂದಿಸುವವಳಿಗೆ ಮೂರು ತುಂಡು ಜೋಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಏನಾಯ್ತಪ್ಪ?” ಅಂದಳು ಮಗಳು.

“ಏನಿಲ್ಲ. ನೀರು ಅಲ್ಲಿಟ್ಟು ಒಳಗೆ ಹೋಗು. ನಿಂತ್ಕೋಬೇಡ.”

“ಅಪ್ಪಾ, ನಿನ್ನ ಕೈ...”

“ಹೋಗು ಅಂದೆನಲ್ಲ!”

ಅವಳು ಹೋದಳು. ಪರದೆ ಒಂದಷ್ಟು ಹೊತ್ತು ಅಲ್ಲಾಡಿ ನಿಂತಿತು. ಮುದುಕ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದು ಮೇಜಿನ ಮೇಲೆ ಒತ್ತಿಕೊಂಡ.

ಇನ್ಸ್‌ಪೆಕ್ಟರ್ ದಫೇದಾರನಿಗೆ ಕಣ್ಸನ್ನೆ ಮಾಡಿದಳು. ಅವನು ಹೊರಗೆ ಹೋಗಿ ಠಾಣೆಗೆ ಫೋನು ಹಚ್ಚಿದ. ವಾಚ್ ಅಂಗಡಿಯ ಅಳಿಯ, ಲೋಡಿಂಗ್ ಮೇಸ್ತ್ರಿ, ಗುರುವಾರದಿಂದ ಪತ್ತೆಯಿಲ್ಲ. ಎರಡು ದಿನದ ಹಿಂದೆ ಲಾರಿ ಹತ್ತಿ ಹೋದವನು ಇಷ್ಟು ಹೊತ್ತಿಗೆ ಎಲ್ಲಿರುತ್ತಾನೋ ಯಾರಿಗೆ ಗೊತ್ತು. ನಾಳೆ ಸಂಜೆಯೊಳಗೆ ಅವನು ಸಿಕ್ಕು, ಬಾಯಿ ಬಿಟ್ಟು, ಗುಂಡಿ ತೋರಿಸುವುದು ಆಗದ ಮಾತು ಎಂದು ಅವಳಿಗೂ ಗೊತ್ತಿತ್ತು, ದಫೇದಾರನಿಗೂ ಗೊತ್ತಿತ್ತು. ಫೋನಿನಲ್ಲಿ ಅವನು ಎಷ್ಟು ಜೋರಾಗಿ ಕೂಗುತ್ತಿದ್ದನೆಂದರೆ ಅದರಿಂದಲೇ ಅದು ತಿಳಿಯುತ್ತಿತ್ತು.

“ಯಜಮಾನರೇ,” ಅಂದಳು. “ಹಾಳೆ ನೋಡಿ.”

“ಇದರಲ್ಲಿ ನನ್ನ ಅಳಿಯನ ಹೆಸರೆಲ್ಲಿದೆ?” ಮುದುಕ ಕಾಗದದ ಮೇಲೆ ಬೆರಳಿಟ್ಟ. “ಮುಳ್ಳು ಅಂತಿದೆ. ಅದು ನಾನು. ಒಂದು ಸೆಕೆಂಡಲ್ಲಿ ಯಾರು ಬೇಕಾದ್ರೂ ಒತ್ತಬಹುದು. ಗಿರಾಕಿ ಒತ್ತಿರಬಹುದು.”

“ಇರಬಹುದು.”

“ಕೋರ್ಟಲ್ಲಿ ಇದು ನಿಲ್ಲುತ್ತಾ?”

ಅವಳು ಸುಳ್ಳು ಹೇಳಬಹುದಿತ್ತು. “ಇಷ್ಟೇ ಆದ್ರೆ ನಿಲ್ಲಲ್ಲ.”

“ಸರ್ವೇಯರ್ ಪುಸ್ತಕದಲ್ಲಿ ಹೆಸರಿಲ್ಲ. ಮುಖ ನೋಡಿಲ್ಲ. ನೋಡಿದವನು ಒಬ್ಬನೇ.”

“ಹೌದು.”

“ಅವನನ್ನ ನಾನು ಹುಡುಕಿಕೊಡಬೇಕು.”

ತಾನು ಸಂಜೆಯವರೆಗೆ, ಬರೀ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ? ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ ಅವಳು ಎಂದೂ ಪರಿತಪಿಸಿರಲಿಲ್ಲ. ಈಗ ನಾಲಿಗೆ ಕಚ್ಚಿಕೊಂಡಳು. ಆಟ ಅವನ ‘ಇದೆ’ಯನ್ನು ನಂಬಲಿಲ್ಲ. ತಾನು ಅವನ ‘ಇಲ್ಲ’ವನ್ನು ನಂಬಲಿಲ್ಲ. ಎಲ್ಲಿದೆ ವ್ಯತ್ಯಾಸ?

“ಮಂಗಳವಾರ ನಿಮಗೆ ಅವನು ಯಾರು ಅಂತ ಗೊತ್ತಿರಲಿಲ್ಲ,” ಅಂದಳು. “ಆದ್ರೂ ನೋಡಿದ್ರಿ. ಊರೆಲ್ಲ ಇಲ್ಲ ಅಂದ್ರೂ ಇದೆ ಅಂದ್ರಿ.”

“ಮಂಗಳವಾರ ಅದು ಬರೀ ಮೊಣಕೈ ಆಗಿತ್ತು ಮೇಡಂ.”

ಡ್ರೈವರನ ಅಕ್ಕ ಎದ್ದಳು. ಕಾಲಿಗೆ ಬೀಳುತ್ತಾಳೇನೋ ಅಂದುಕೊಂಡಳು ಇನ್ಸ್‌ಪೆಕ್ಟರ್. ಅವಳು ಬೀಳಲಿಲ್ಲ. ಮೇಜಿನ ಎದುರು ನಿಂತು, ಬೆಲೆ ಕುದುರಿಸಲು ಬಂದವಳಂತೆ ಎರಡೂ ಕೈಯನ್ನು ಅಂಚಿನ ಮೇಲೆ ಊರಿದಳು.

“ಅಪ್ಪಾ,” ಅಂದಳು. “ನನ್ನ ತಮ್ಮನಿಗೆ ಮೂರು ವರ್ಷ ಆಗಿದ್ದಾಗ ನಮ್ಮಮ್ಮ ಹೋದ್ಲು. ನಾನು ಹೇಳಿದ್ದನ್ನ ಅವನು ಇವತ್ತಿನವರೆಗೆ ಮೀರಿಲ್ಲ. ಜೀಪ್ ಓಡಿಸ್ಬೇಡ, ಅಂಗಡಿ ಇಟ್ಕೋ ಅಂದಿದ್ದೆ, ಅದೊಂದು ಬಿಟ್ಟು. ನಾನು ಸುಮ್ನಿರು ಅಂದ್ರೆ ಸುಮ್ನಿರ್ತಾನೆ. ಯಾರನ್ನೂ ನೋಡ್ಲಿಲ್ಲ, ಕಾಲು ಜಾರಿ ಬಿದ್ದೆ ಅಂತಾನೆ. ಎಲ್ಲಿ ಬೇಕಾದ್ರೂ ಅಂತಾನೆ. ಕೋರ್ಟಲ್ಲಿ ಬೇಕಾದ್ರೂ ಅಂತಾನೆ.”

ಮುದುಕ ಅವಳನ್ನೇ ನೋಡಿದ.

“ನಿಮ್ಮ ಅಳಿಯ ಮನೆಗೆ ಬರ್ಲಿ. ಮಗಳು ಹೆರಲಿ, ಮೊಮ್ಮಗೂನ ಎತ್ತಿ ಆಡ್ಸಿ. ನಾವು ಈ ಊರನ್ನೇ ಬಿಟ್ಟು ಹೋಗ್ತೀವಿ. ನನಗೆ ನ್ಯಾಯ ಬೇಡ. ಈ ಹಾಳೆ ನೋಡಿ, ಅಷ್ಟೇ. ನನ್ನಾಣೆ, ಅವನಾಣೆ.”

ಸತ್ತ ಸರ್ವೇಯರನಿಗೂ ಒಬ್ಬಳು ಹೆಂಡತಿಯಿದ್ದಳು. ನಿನ್ನೆ ಶವಾಗಾರದ ಮೆಟ್ಟಿಲ ಮೇಲೆ ಕೂತು ಗಂಡನ ಅಳತೆಯ ಟೇಪನ್ನು ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ಇದ್ದಳು. ಇನ್ಸ್‌ಪೆಕ್ಟರಿಗೆ ಅವಳ ನೆನಪಾಯಿತು. ಈ ಮಾತು ನಿಲ್ಲಿಸಬೇಕು ಎಂದೂ ಅನ್ನಿಸಿತು. ಮೈಮೇಲಿನ ಖಾಕಿ ಬಟ್ಟೆ ಅದಕ್ಕೇ ಇರುವುದು.

ದಫೇದಾರ ಬಾಗಿಲಿಗೆ ಮರಳಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಮೇಡಂ ಏನು ಹೇಳುತ್ತಾರೆಂದು ಅವನೂ ಕಾಯುತ್ತಿದ್ದ.

ಅವಳು ಎರಡನೆಯ ಕಾಗದವನ್ನು ಮೇಜಿನಿಂದ ಎತ್ತಿಕೊಂಡಳು. ನಾಲ್ಕು ಮಡಿಕೆ ಮಾಡಿದಳು. ಮುದುಕನ ಮುಂದೆ, ಅವನ ಕೈಯಳತೆಯಲ್ಲಿ ಇಟ್ಟಳು.

“ನಾನೀಗ ಹೊರಗೆ ಫೋನಲ್ಲಿದ್ದೆ,” ಅಂದಳು. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು. “ಈಯಮ್ಮ ಏನು ಹೇಳಿದ್ಲೋ ನನ್ನ ಕಿವಿಗೆ ಬಿದ್ದಿಲ್ಲ. ದಫೇದಾರ್, ನಿಮಗೆ?”

“ಹೊರಗೆ ಬಸ್ಸಿನ ಗಲಾಟೆ ಮೇಡಂ,” ಅಂದ ದಫೇದಾರ. ರಸ್ತೆಯಲ್ಲಿ ಬಸ್ಸು ಇರಲಿಲ್ಲ.

“ಆಟದ ಕಚೇರಿಯಲ್ಲಿ ಇದರ ಇನ್ನೊಂದು ಪ್ರತಿ ಇದೆ. ಅದನ್ನ ಕೇಳ್ಬೇಕಾದವಳು ನಾನು. ಕೇಳದೆ ಇರ್ಬಹುದು,” ಅಂದಳು. “ಹಾಳೆ ನೋಡಿ ಯಜಮಾನರೇ. ನಿಮ್ಮ ಅಳಿಯನಿಗೆ ಮಾತ್ರ ಅಲ್ಲ, ನಿಮಗೂ ಇದು ಒಳ್ಳೇದು. ಅವನು ಒಂದು ಕೊಲೆ ಮಾಡಿದವರ ಜೊತೆಗಿದ್ದ. ಅದು ಎರಡಾಗದಿರಲಿ.”

ಇದಕ್ಕಿಂತ ಹೆಚ್ಚು ಕೊಡಲು ಅವಳ ಹತ್ತಿರ ಏನೂ ಇರಲಿಲ್ಲ. ಇಷ್ಟು ಕೊಡುವ ಅಧಿಕಾರವೂ ಇರಲಿಲ್ಲ.

ಮುದುಕ ಮಡಿಸಿದ ಕಾಗದವನ್ನು ಮುಟ್ಟಲಿಲ್ಲ. ಪರದೆಯ ಆಚೆ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅದು ನಿಂತಿತು, ಮತ್ತೆ ಶುರುವಾಯಿತು. ಅವನು ಕಣ್ಣಿಂದ ಗಾಜು ತೆಗೆದ. ಹುಬ್ಬಿನ ಕೆಳಗೆ ಅದು ಒತ್ತಿದ ದುಂಡು ಗುರುತು ಕೆಂಪಗಿತ್ತು. ಆರುನೂರ ಇಪ್ಪತ್ತೇಳು ಹಾಳೆ ಉಳಿದಿದ್ದವು. ಅವನು ಎರಡೂ ಕೈಯಿಂದ ಪೆಟ್ಟಿಗೆಯನ್ನು ಮೇಜಿನ ಮೇಲೆ ಮೆಲ್ಲಗೆ ಆ ಹೆಂಗಸಿನ ಕಡೆಗೆ ದೂಡಿದ.

“ನಿಮ್ಮ ತಮ್ಮ ಸುಮ್ನಿರ್ತಾನೆ ಅಂತ ನಾನು ನಂಬ್ತೀನಿ ತಾಯಿ,” ಅಂದ. “ನೀವು ಒಳ್ಳೆಯವರು. ಮೇಡಮ್ಮನೂ ಒಳ್ಳೆಯವರು. ಆದ್ರೆ ಅವನು ಬದುಕಿರೋವರೆಗೆ ದಿನಾ ಬೆಳಗ್ಗೆ ಎದ್ದು, ಇವತ್ತು ಹೇಳ್ತಾನೋ ನಾಳೆ ಹೇಳ್ತಾನೋ ಅಂತ ನನ್ನ ಮಗಳು ರಸ್ತೆ ನೋಡ್ಬೇಕು.”

“ಅಪ್ಪಾ, ಆಣೆ ಮಾಡಿದೀನಿ...”

“ಬೇಡ.”

“ಹತ್ತು ಹಾಳೆ. ಹತ್ತೇ ಹತ್ತು ನೋಡಿ.”

“ನೋಡಲ್ಲ,” ಅಂದ ಮುದುಕ.